ಜನ ಕೂಡಿಸುವ ದಿನ, ದುಡ್ಡು ಕೂಡಿಸುವ ದಿನ: ಸಣ್ಣ ಇತಿಹಾಸ ಮ್ಯೂಸಿಯಂಗಳ ವರ್ಷದ ಲೆಕ್ಕಾಚಾರ

ಸಣ್ಣ ಊರಿನ ಇತಿಹಾಸ ಮ್ಯೂಸಿಯಂಗೆ ಬರುವ ಟಿಕೆಟ್ ಹಣದಲ್ಲಿ ಎಷ್ಟೋ ಸಲ ಕರೆಂಟ್ ಬಿಲ್ಲೂ ಹುಟ್ಟುವುದಿಲ್ಲ. ಅದರ ಮೇಲೆ ವಿಮೆ ಇದೆ, ಸೋರುವ ಚಾವಣಿ ಇದೆ. ಹಳೇ ಕಾಗದಪತ್ರ ಇಡಲು ಆಮ್ಲವಿಲ್ಲದ ಪೆಟ್ಟಿಗೆಗಳು ಬೇಕು. ಸಂಬಳದ ಮೇಲೆ ಒಬ್ಬರಿದ್ದರೂ ತಿಂಗಳಾದರೆ ಕೊಡಲೇಬೇಕು. ಇಷ್ಟೆಲ್ಲ ಎಲ್ಲಿಂದ ಬರುತ್ತದೆ? ಸ್ವಲ್ಪ ಅನುದಾನ, ಸ್ವಲ್ಪ ಸದಸ್ಯರ ವಂತಿಗೆ, ಸ್ವಲ್ಪ ದೇಣಿಗೆ. ಉಳಿದ ಕೊರತೆ ತುಂಬಿಸಲು ವರ್ಷಕ್ಕೊಮ್ಮೆ ಬರುವ ಕೆಲವು ದಿನಗಳಿವೆ: ಎಲ್ಲರಿಗೂ ಬಾಗಿಲು ತೆರೆದಿಡುವ ದಿನ, ಹಳೇ ಪುಸ್ತಕಗಳ ಮಾರಾಟ, ಹಳೇ ಬೀದಿಗಳಲ್ಲಿ ನಡಿಗೆ, ಹರಾಜು, ಔತಣ.

ಇಂಥ ಮ್ಯೂಸಿಯಂಗಳು ಅಲ್ಲೊಂದು ಇಲ್ಲೊಂದು ಇರುವಂಥವಲ್ಲ. 2021ರಲ್ಲಿ ಯುನೆಸ್ಕೋ ಹಾಕಿದ ಅಂದಾಜಿನ ಪ್ರಕಾರ ಜಗತ್ತಿನಲ್ಲಿ ಸುಮಾರು 1,04,000 ಮ್ಯೂಸಿಯಂಗಳಿವೆ. ಅಮೆರಿಕದ ಸರ್ಕಾರಿ ಸಂಸ್ಥೆಯೊಂದು 2014ರಲ್ಲಿ ಅಲ್ಲಿನವನ್ನು ಎಣಿಸಿದಾಗ 35,000ಕ್ಕೂ ಜಾಸ್ತಿ ಸಿಕ್ಕವು. ಅವುಗಳಲ್ಲಿ ಹೆಚ್ಚುಕಡಿಮೆ ಅರ್ಧ ಇತಿಹಾಸ ಸಂಘಗಳು, ಹಳೇ ಮನೆಗಳು, ಐತಿಹಾಸಿಕ ತಾಣಗಳು. ಮ್ಯೂಸಿಯಂ ಅಂದಕೂಡಲೇ ನಮ್ಮ ಕಣ್ಣಿಗೆ ಬರುವ ದೊಡ್ಡ ಕಂಬಗಳು, ಉದ್ದನೆಯ ಸಾಲು ಇವೆಲ್ಲ ಕೆಲವಕ್ಕೆ ಮಾತ್ರ ಇರುವ ಭಾಗ್ಯ. ಬಹುಪಾಲು ಮ್ಯೂಸಿಯಂಗಳಲ್ಲಿ ನಾಲ್ಕಾರು ಕೋಣೆ, ವಾರದಲ್ಲಿ ಕೆಲವೇ ದಿನ ತೆರೆಯುವ ಬಾಗಿಲು, ಕೈಗೆ ಬಂದ ಕೆಲಸ ಮಾಡುವ ಸ್ವಯಂಸೇವಕರು, ಅಷ್ಟೇ.

ಇವು ನಡೆಸುವ ವಾರ್ಷಿಕ ಕಾರ್ಯಕ್ರಮಗಳನ್ನು ಹೊರಗಿನಿಂದ ನೋಡಿದರೆ ಎಲ್ಲವೂ ಒಂದೇ ಥರ ಕಾಣುತ್ತವೆ. ಬ್ಯಾನರ್, ಮೇಜು, ಭಾಷಣ, ದೇಣಿಗೆ ಡಬ್ಬಿ. ಆದರೆ ಒಳಗೆ ಎರಡು ಬೇರೆ ಕೆಲಸ ನಡೆಯುತ್ತಿರುತ್ತದೆ. ಒಂದು ಜನರನ್ನು ಕೂಡಿಸುವುದು, ಇನ್ನೊಂದು ದುಡ್ಡು ಕೂಡಿಸುವುದು. ಈ ಎರಡನ್ನೂ ಒಂದೇ ದಿನದ ತಲೆಗೆ ಕಟ್ಟಲು ಹೋಗಿಯೇ ಎಷ್ಟೋ ಮ್ಯೂಸಿಯಂಗಳು ಸುಸ್ತಾಗುತ್ತವೆ ಎಂಬುದು ನನ್ನ ಅಭಿಪ್ರಾಯ.

ಎರಡರ ಅಳತೆಗೋಲೂ ಬೇರೆ

ಉಚಿತ ಪ್ರವೇಶದ ದಿನವನ್ನೇ ತೆಗೆದುಕೊಳ್ಳಿ. ಜನ ಬರುತ್ತಾರೆ, ಮಕ್ಕಳು ಓಡಾಡುತ್ತಾರೆ, ಒಂದಷ್ಟು ಫೋಟೋ ತೆಗೆಯುತ್ತಾರೆ, ಹೋಗುತ್ತಾರೆ. ಸಂಜೆ ಡಬ್ಬಿ ತೆರೆದರೆ ಹೇಳಿಕೊಳ್ಳುವಂಥದ್ದೇನೂ ಇರುವುದಿಲ್ಲ. ಆಡಳಿತ ಮಂಡಳಿಯಲ್ಲಿ ಯಾರೋ ಒಬ್ಬರು "ಇಷ್ಟೆಲ್ಲ ಮಾಡಿ ಬಂದದ್ದೇನು?" ಎಂದು ಕೇಳಿಯೇ ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆ ಅದಲ್ಲ. ಮೊದಲ ಸಲ ಒಳಗೆ ಕಾಲಿಟ್ಟವರು ಎಷ್ಟು? ಹೆಸರು, ಫೋನ್ ನಂಬರ್ ಬರೆದುಕೊಟ್ಟವರು ಎಷ್ಟು? "ನಮ್ಮ ಮನೆಯಲ್ಲೂ ಇಂಥದ್ದೊಂದು ಫೋಟೋ ಇದೆ" ಎಂದವರು ಯಾರು? ಜನ ಕೂಡಿಸುವ ದಿನದ ಗಳಿಕೆ ಅಂದರೆ ಇದೇ.

ದುಡ್ಡು ಕೂಡಿಸುವ ದಿನ ಹಾಗಲ್ಲ. ಅಲ್ಲಿ ನೂರೇ ಜನ ಬಂದರೂ ಸಾಕು, ಬಂದವರು ಕೊಡುವ ಮನಸ್ಸು ಮಾಡಿ ಬಂದಿರಬೇಕು. ಅದಕ್ಕೆ ಆಹ್ವಾನ ಬೇರೆ, ತಯಾರಿ ಬೇರೆ, ಮಾತೂ ಬೇರೆ. ಮ್ಯೂಸಿಯಂ ಹೆಸರನ್ನೇ ಕೇಳದವರಿಗೆ ಔತಣದ ಟಿಕೆಟ್ ಮಾರುವುದು ಕಷ್ಟ. ಮೂರು ವರ್ಷ ಉಚಿತ ದಿನಕ್ಕೆ ಬಂದು ಹೋದವರಿಗೆ ಮಾರುವುದು ಅಷ್ಟು ಕಷ್ಟವಲ್ಲ. ಅಂದರೆ ಮೊದಲನೆಯದು ಬಿತ್ತನೆ, ಎರಡನೆಯದು ಕೊಯ್ಲು. ಬಿತ್ತಿದ ದಿನವೇ ಕಣಜ ನೋಡಿ ಬೇಜಾರಾದರೆ ಹೇಗೆ, ಅಲ್ವಾ?

ಕ್ಯಾಲೆಂಡರಿನಲ್ಲಿ ಸಿದ್ಧವಾಗಿರುವ ದಿನಗಳು

ಎಲ್ಲವನ್ನೂ ಹೊಸದಾಗಿ ಹುಟ್ಟುಹಾಕಬೇಕಿಲ್ಲ. ಮೇ 18 ಅಂತರರಾಷ್ಟ್ರೀಯ ಮ್ಯೂಸಿಯಂ ದಿನ. ಅಂತರರಾಷ್ಟ್ರೀಯ ಮ್ಯೂಸಿಯಂ ಮಂಡಳಿ, ಅಂದರೆ ಐಕಾಮ್, 1977ರಲ್ಲಿ ಇದನ್ನು ಶುರುಮಾಡಿತು. 1992ರಿಂದ ಪ್ರತಿ ವರ್ಷಕ್ಕೂ ಒಂದು ವಿಷಯ ಕೊಡುತ್ತಾ ಬಂದಿದೆ. ಪ್ರಚಾರಕ್ಕೆ ದುಡ್ಡಿಲ್ಲದ ಮ್ಯೂಸಿಯಂಗೆ ಇದು ಒಳ್ಳೇ ಅನುಕೂಲ. ಪತ್ರಿಕೆಗಳು ಆ ವಾರ ಹೇಗೂ ಮ್ಯೂಸಿಯಂ ಬಗ್ಗೆ ಬರೆಯಲು ಏನಾದರೂ ಹುಡುಕುತ್ತಿರುತ್ತವೆ.

ಯುರೋಪಿನಲ್ಲಿ ಪರಂಪರೆ ದಿನಗಳಿವೆ. 1984ರಲ್ಲಿ ಫ್ರಾನ್ಸ್ ತನ್ನ ಐತಿಹಾಸಿಕ ಕಟ್ಟಡಗಳ ಬಾಗಿಲು ಜನರಿಗೆ ತೆರೆಯಿತು. ಮರುವರ್ಷ ಕೌನ್ಸಿಲ್ ಆಫ್ ಯುರೋಪ್ ಅದನ್ನು ಉಳಿದ ದೇಶಗಳಿಗೂ ಹರಡಲು ಮುಂದಾಯಿತು. ಇಂಗ್ಲೆಂಡಿನಲ್ಲಿ 1994ರಿಂದ ಸೆಪ್ಟೆಂಬರಿನಲ್ಲಿ ಇದು ನಡೆಯುತ್ತಿದೆ. ವರ್ಷವಿಡೀ ಮುಚ್ಚಿರುವ ಕೋಣೆ, ಗಡಿಯಾರದ ಗೋಪುರ, ನೆಲಮಾಳಿಗೆ ಇಂಥವನ್ನು ಆ ದಿನ ನೋಡಬಹುದು. ಸಣ್ಣ ಮ್ಯೂಸಿಯಂಗಳು ಇದರಿಂದ ಕಲಿಯಬಹುದಾದ್ದು ಒಂದಿದೆ. ಜನರಿಗೆ ಪ್ರದರ್ಶನಕ್ಕಿಂತ ಉಗ್ರಾಣದ ಮೇಲೆ ಆಸೆ ಜಾಸ್ತಿ. ಬೀರುಗಳ ನಡುವೆ ಹತ್ತು ಹತ್ತು ಜನರನ್ನು ಕರೆದುಕೊಂಡು ಹೋಗಿ, ಯಾವ ವಸ್ತು ಎಲ್ಲಿಂದ ಬಂತು ಎಂದು ಹೇಳಿದರೆ ಸಾಕು, ಅದೇ ಒಂದು ಕಾರ್ಯಕ್ರಮ. ಹೆಚ್ಚಿನ ಖರ್ಚೂ ಇಲ್ಲ.

ರಾತ್ರಿ ತೆರೆದಿಡುವುದು ಇನ್ನೊಂದು ದಾರಿ. ಬರ್ಲಿನ್ 1997ರಲ್ಲಿ 'ಮ್ಯೂಸಿಯಂಗಳ ಉದ್ದನೆಯ ರಾತ್ರಿ' ಶುರುಮಾಡಿತು. ಒಂದೇ ಟಿಕೆಟ್ ತೆಗೆದುಕೊಂಡು ಎಷ್ಟು ಮ್ಯೂಸಿಯಂ ಬೇಕಾದರೂ ಸುತ್ತಬಹುದು. ಹಗಲು ಕೆಲಸಕ್ಕೆ ಹೋಗುವವರು ಮ್ಯೂಸಿಯಂಗೆ ಬರುವುದೇ ಇಲ್ಲ ಎಂಬ ಸರಳ ಸತ್ಯ ಇದರ ಹಿಂದಿದೆ. ಸಣ್ಣ ಊರಲ್ಲಿ ಮೂರು ಸಂಸ್ಥೆಗಳು, ಅಂದರೆ ಮ್ಯೂಸಿಯಂ, ಗ್ರಂಥಾಲಯ, ಹಳೇ ಪ್ರಾರ್ಥನಾ ಮಂದಿರ, ಒಂದಾಗಿ ಇದನ್ನೇ ಮಾಡಬಹುದು.

ಮ್ಯೂಸಿಯಂ ಮತ್ತು ಹಬ್ಬದ ನಂಟು ಹೊಸದಂತೂ ಅಲ್ಲ. ಸ್ಟಾಕ್‌ಹೋಮ್‌ನಲ್ಲಿ 1891ರಲ್ಲಿ ಆರ್ಟರ್ ಹಜೇಲಿಯಸ್ ಸ್ಕಾನ್ಸೆನ್ ಎಂಬ ಬಯಲು ಮ್ಯೂಸಿಯಂ ತೆರೆದರು. ಹಳ್ಳಿಮನೆಗಳನ್ನು ಬಿಚ್ಚಿ ತಂದು ಅಲ್ಲಿ ಮತ್ತೆ ಕಟ್ಟಿದ್ದರು. ಮನೆಗಳನ್ನು ಸುಮ್ನೆ ನಿಲ್ಲಿಸಿದರೆ ಜನ ಒಮ್ಮೆ ನೋಡಿ ಹೋಗುತ್ತಾರೆ, ಮತ್ತೆ ಬರುವುದಿಲ್ಲ. ಹಾಗಾಗಿ ಅವರು ಹಾಡು, ಕುಣಿತ, ವಸಂತದ ಹಬ್ಬಗಳನ್ನು ಅಲ್ಲಿಗೆ ತಂದರು. 1893ರಲ್ಲಿ ಜೂನ್ 6ನ್ನು ಅಲ್ಲಿ ಆಚರಿಸಿದರು. ಅದೇ ಮುಂದೆ ಸ್ವೀಡನ್ನಿನ ಧ್ವಜ ದಿನವಾಗಿ, ರಾಷ್ಟ್ರೀಯ ದಿನವಾಗಿ ಬೆಳೆಯಿತು. 1903ರಲ್ಲಿ ಶುರುವಾದ ಅಲ್ಲಿನ ಕ್ರಿಸ್‌ಮಸ್ ಸಂತೆಯಂತೂ ಬಹಳ ಹೆಸರುವಾಸಿ.

ಮನೆಯ ಪೆಟ್ಟಿಗೆ ಹೊರಗೆ ಬರುವ ದಿನ

ಜನ ಕೂಡಿಸುವ ಕಾರ್ಯಕ್ರಮಗಳಲ್ಲಿ ನನಗೆ ಬಹಳ ಇಷ್ಟವಾದದ್ದು ಇದು. ಊರಿನವರು ತಮ್ಮ ಮನೆಯ ಹಳೇ ಫೋಟೋ, ಪತ್ರ, ದಾಖಲೆ ತರುತ್ತಾರೆ. ಮ್ಯೂಸಿಯಂನವರು ಅಲ್ಲೇ ಸ್ಕ್ಯಾನ್ ಮಾಡಿ, ವಿವರ ಬರೆದುಕೊಂಡು, ವಸ್ತುವನ್ನು ವಾಪಸ್ ಕೊಡುತ್ತಾರೆ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯ 2008ರಲ್ಲಿ ಮೊದಲ ಮಹಾಯುದ್ಧದ ನೆನಪುಗಳನ್ನು ಹೀಗೆ ಕೂಡಿಸಿತು. ಯುರೋಪಿನ ಮ್ಯೂಸಿಯಂ, ಗ್ರಂಥಾಲಯಗಳ ಸಂಗ್ರಹವನ್ನು ಇಂಟರ್‌ನೆಟ್‌ನಲ್ಲಿ ಒಂದೆಡೆ ಇಡುವ ಯುರೋಪಿಯಾನಾ ಅದೇ ಮಾದರಿ ಹಿಡಿದು 2011ರಿಂದ ಜರ್ಮನಿಯಲ್ಲಿ, ಆಮೇಲೆ ಬೇರೆ ದೇಶಗಳಲ್ಲಿ ಸಂಗ್ರಹ ದಿನಗಳನ್ನು ನಡೆಸಿತು. ಸೈನಿಕರ ಪತ್ರ, ಡೈರಿ, ಪದಕ ಎಲ್ಲ ಬಂದವು.

ಸಣ್ಣ ಮ್ಯೂಸಿಯಂಗೆ ಇದಕ್ಕೆ ಬೇಕಾದ್ದು ಕಡಿಮೆ: ಒಂದು ಸ್ಕ್ಯಾನರ್, ಒಂದು ಲ್ಯಾಪ್‌ಟಾಪ್, ಟೋಕನ್ ಕೊಡುವ ಒಬ್ಬರು, ಕಿವಿಗೊಡುವ ತಾಳ್ಮೆ ಇರುವ ಇಬ್ಬರು. ಆ ಕೊನೆಯ ಇಬ್ಬರೇ ಮುಖ್ಯ. ಫೋಟೋ ಹಿಂದೆ ಹೆಸರಿಲ್ಲದಿದ್ದರೆ ಅದು ಬರೀ ಹಳೇ ಫೋಟೋ. ಎಡದಿಂದ ಮೂರನೆಯವರು ಯಾರು, ಯಾವ ವರ್ಷ, ಯಾವ ಕಟ್ಟಡದ ಮುಂದೆ ಎಂದು ಬರೆದುಕೊಂಡರೆ ಅದು ದಾಖಲೆ.

ಇಲ್ಲಿ ಕಾಗದದ ಕೆಲಸವನ್ನು ಹಗುರವಾಗಿ ನೋಡಬಾರದು. ಬಂದವರಲ್ಲಿ ಕೆಲವರು "ಇಟ್ಕೊಳ್ಳಿ, ನಮಗೆ ಬೇಡ" ಎಂದು ಪೆಟ್ಟಿಗೆಯನ್ನೇ ಬಿಟ್ಟು ಹೊರಟುಬಿಡುತ್ತಾರೆ. ಮೇಜಿನ ಬಳಿಯೇ ಒಪ್ಪಿಕೊಳ್ಳಬೇಡಿ. ತಾತ್ಕಾಲಿಕವಾಗಿ ಇಟ್ಟುಕೊಂಡಿದ್ದೇವೆ ಎಂಬ ರಸೀದಿ ಕೊಡಿ. ಇದು ನಮ್ಮ ಸಂಗ್ರಹಕ್ಕೆ ಹೊಂದುತ್ತದೆಯೇ, ಕೊಟ್ಟವರಿಗೆ ಕೊಡುವ ಹಕ್ಕಿದೆಯೇ, ಅಣ್ಣತಮ್ಮಂದಿರ ಪಾಲೂ ಇದೆಯೇ ಎಂದು ಆಮೇಲೆ ನೋಡಿ. ಎಲ್ಲ ಸರಿ ಇದ್ದರೆ ದಾನಪತ್ರಕ್ಕೆ ಸಹಿ ಹಾಕಿಸಿಕೊಳ್ಳಿ. ಸಹಿ ಇಲ್ಲದೆ ಬಂದ ವಸ್ತು ಯಾರದು ಎಂದು ಮೂವತ್ತು ವರ್ಷದ ಮೇಲೆ ಹುಡುಕುವ ಕಷ್ಟ ಮ್ಯೂಸಿಯಂ ನಡೆಸಿದವರಿಗೆ ಚೆನ್ನಾಗಿ ಗೊತ್ತು. ಸ್ಕ್ಯಾನ್ ಮಾಡಿದ ಫೋಟೋವನ್ನು ಪ್ರದರ್ಶನಕ್ಕೆ, ಇಂಟರ್‌ನೆಟ್‌ಗೆ ಹಾಕಲು ಒಪ್ಪಿಗೆ ಇದೆಯೇ ಎಂಬುದೂ ಬರವಣಿಗೆಯಲ್ಲೇ ಇರಬೇಕು. ಹಿರಿಯರ ಮಾತನ್ನು ರೆಕಾರ್ಡ್ ಮಾಡಿದರೆ ಅದಕ್ಕೂ ಇದೇ ನಿಯಮ.

ಇನ್ನೊಂದು ಪ್ರಶ್ನೆ ಖಂಡಿತ ಬರುತ್ತದೆ. "ಇದಕ್ಕೆ ಎಷ್ಟು ಬೆಲೆ ಬರಬಹುದು?" ಟಿವಿ ಕಾರ್ಯಕ್ರಮಗಳು ಈ ಚಟ ಹಿಡಿಸಿವೆ. ಮ್ಯೂಸಿಯಂನವರು ಇದಕ್ಕೆ ಉತ್ತರ ಕೊಡಬಾರದು. ಐಕಾಮ್‌ನ ನೀತಿಸಂಹಿತೆಯೂ ಹೊರಗಿನವರ ವಸ್ತುಗಳಿಗೆ ಬೆಲೆ ಕಟ್ಟುವುದನ್ನು ಬಹಳ ಮಟ್ಟಿಗೆ ನಿರ್ಬಂಧಿಸುತ್ತದೆ. ಇದು ಏನು, ಯಾವ ಕಾಲದ್ದು, ಹೇಗೆ ಬಳಸುತ್ತಿದ್ದರು ಎಂದು ಹೇಳಬಹುದು. ಬೆಲೆ ಕಟ್ಟುವ ದಿನವನ್ನೇ ನಿಧಿಗಾಗಿ ಮಾಡುವುದಾದರೆ ಹೊರಗಿನ ಪರಿಣತರನ್ನು ಕರೆಸಿ, ಒಂದೊಂದು ವಸ್ತುವಿಗೆ ಶುಲ್ಕ ಇಡಬಹುದು. ಅವರು ಅಲ್ಲೇ ವಸ್ತು ಕೊಳ್ಳಬಾರದು ಎಂದು ಮೊದಲೇ ಮಾತಾಗಿರಬೇಕು.

ದುಡ್ಡು ಎಲ್ಲಿ ಸೋರುತ್ತದೆ

ಹರಾಜು, ಔತಣ, ಸಂಗೀತ ಸಂಜೆ ಇವೆಲ್ಲ ನೋಡಲು ಚಂದ. ಆದರೆ ನಿಧಿ ಕೂಡಿಸುವ ದಾರಿಗಳಲ್ಲಿ ಇವೇ ದುಬಾರಿ. ಬಂದ ನೂರರಲ್ಲಿ ಐವತ್ತು ಖರ್ಚಿಗೇ ಹೋಗುತ್ತದೆ ಎಂಬುದು ಈ ಕೆಲಸ ಮಾಡುವವರಲ್ಲಿ ಚಾಲ್ತಿಯಲ್ಲಿರುವ ಅಂದಾಜು. ಜಾಗ, ಊಟ, ಮೈಕು, ಮುದ್ರಣ, ವಿಮೆ, ಪರವಾನಗಿ. ಅದೂ ಸ್ವಯಂಸೇವಕರ ಸಮಯಕ್ಕೆ ಬೆಲೆ ಹಾಕದೆ! ಅದನ್ನೂ ಹಾಕಿದರೆ ಕೆಲವು ಕಾರ್ಯಕ್ರಮಗಳು ನಷ್ಟದಲ್ಲೇ ನಡೆದಿರುತ್ತವೆ. "ಈ ಸಲ ಇಷ್ಟು ಕೂಡಿತು" ಎಂದು ವೇದಿಕೆಯಲ್ಲಿ ಹೇಳುವ ಅಂಕಿ ಒಟ್ಟು ಮೊತ್ತ. ಆಡಳಿತ ಮಂಡಳಿ ನೋಡಬೇಕಾದ್ದು ಖರ್ಚು ಕಳೆದು ಉಳಿದದ್ದು.

ಪ್ರಾಯೋಜಕರು ಬೇಕಾಗುವುದು ಇಲ್ಲಿಯೇ. ಊಟದ ಖರ್ಚು ಒಬ್ಬರು, ಮುದ್ರಣ ಒಬ್ಬರು, ಜಾಗ ಒಬ್ಬರು ಹೊತ್ತರೆ ಟಿಕೆಟ್ ಹಣವೆಲ್ಲ ಮ್ಯೂಸಿಯಂಗೆ ಉಳಿಯುತ್ತದೆ. ಒಂದು ಟಿಕೆಟ್ ಮಾರುವ ಮೊದಲೇ ಖರ್ಚಿನ ಹಣ ಹುಟ್ಟಿರಬೇಕು ಎಂಬ ನಿಯಮ ಇಟ್ಟುಕೊಂಡವರಿಗೆ ರಾತ್ರಿ ನಿದ್ದೆ ಬರುತ್ತದೆ. ಹಾಗೆಂದು ಪ್ರಾಯೋಜಕರು ಪ್ರದರ್ಶನದ ಬರಹದಲ್ಲಿ ಕೈಯಾಡಿಸಲು ಬಂದರೆ ಬಾಗಿಲು ಹಾಕಲೇಬೇಕು. ಕಾರ್ಖಾನೆಯವರು ದುಡ್ಡು ಕೊಟ್ಟರು ಎಂದು ಆ ಕಾರ್ಖಾನೆಯ ಮುಷ್ಕರದ ಕಥೆ ಗೋಡೆಯಿಂದ ಇಳಿದರೆ ಅದು ಇತಿಹಾಸ ಮ್ಯೂಸಿಯಂ ಆಗಿ ಉಳಿಯುವುದಿಲ್ಲ. ಸಣ್ಣ ಊರಲ್ಲಿ ಇದು ದೊಡ್ಡ ನಗರಕ್ಕಿಂತ ಕಷ್ಟ, ಯಾಕೆಂದರೆ ಎಲ್ಲರೂ ಎಲ್ಲರಿಗೂ ಗೊತ್ತಿರುವವರೇ.

ಹರಾಜಿಗೆ ಒಂದು ಕಟ್ಟುನಿಟ್ಟು: ಮ್ಯೂಸಿಯಂ ಸಂಗ್ರಹದ ವಸ್ತು ಆ ಮೇಜಿಗೆ ಬರಲೇಬಾರದು. ಸಂಗ್ರಹದಿಂದ ಏನನ್ನಾದರೂ ವಿಲೇವಾರಿ ಮಾಡಿದರೆ ಬಂದ ಹಣ ಸಂಗ್ರಹಕ್ಕೇ ಹೋಗಬೇಕು ಎಂದು ಐಕಾಮ್ ನೀತಿ ಹೇಳುತ್ತದೆ. ಚಾವಣಿ ರಿಪೇರಿಗೆ ಅಜ್ಜನ ಕಾಲದ ಗಡಿಯಾರ ಮಾರಿದರು ಎಂಬ ಸುದ್ದಿ ಒಮ್ಮೆ ಹಬ್ಬಿದರೆ ಇನ್ನು ಯಾವ ಮನೆಯವರೂ ಏನೂ ಕೊಡುವುದಿಲ್ಲ. ಹರಾಜಿಗೆಂದೇ ಜನ ಕೊಟ್ಟ ವಸ್ತುಗಳಿಗೆ ಬೇರೆ ಪಟ್ಟಿ, ಬೇರೆ ಕೋಣೆ, ಬೇರೆ ಚೀಟಿ ಇರಲಿ.

ಲಾಟರಿ ಚೀಟಿ ಮಾರುವುದಕ್ಕೆ ಬಹಳಷ್ಟು ಕಡೆ ಪರವಾನಗಿ ಬೇಕು, ಕೆಲವು ಕಡೆ ಪೂರ್ತಿ ನಿಷೇಧವೇ ಇದೆ. ಕೇಳದೆ ಕೈಹಾಕಬೇಡಿ.

ತೆರಿಗೆ ವಿಷಯ ದೇಶದಿಂದ ದೇಶಕ್ಕೆ ಬೇರೆ, ಆದರೆ ಒಂದು ತತ್ವ ಬಹುತೇಕ ಎಲ್ಲ ಕಡೆ ಕಾಣುತ್ತದೆ. ಕೊಟ್ಟದ್ದಕ್ಕೆ ಪ್ರತಿಯಾಗಿ ಏನಾದರೂ ಪಡೆದರೆ ಆ ಭಾಗ ದೇಣಿಗೆಯಲ್ಲ. ಔತಣದ ಟಿಕೆಟ್ ಬೆಲೆಯಲ್ಲಿ ಊಟದ ಬೆಲೆ ಕಳೆದು ಉಳಿದದ್ದಷ್ಟೇ ದೇಣಿಗೆ. ಅಮೆರಿಕದಲ್ಲಿ ಇಂಥ ಪಾವತಿ 75 ಡಾಲರ್ ದಾಟಿದರೆ ಯಾವ ಭಾಗ ದೇಣಿಗೆ ಎಂದು ಸಂಸ್ಥೆ ಬರವಣಿಗೆಯಲ್ಲಿ ತಿಳಿಸಬೇಕು. ಬ್ರಿಟನ್ನಿನ ಗಿಫ್ಟ್ ಏಡ್ ಪದ್ಧತಿಯಲ್ಲಿ ತೆರಿಗೆ ಕಟ್ಟುವವರು 1 ಪೌಂಡ್ ಕೊಟ್ಟರೆ ಸಂಸ್ಥೆ ಸರ್ಕಾರದಿಂದ ಇನ್ನೂ 25 ಪೆನ್ಸ್ ಪಡೆಯಬಹುದು. ಲಾಟರಿ ಚೀಟಿಯ ಹಣಕ್ಕೆ ಅದು ಸಿಗುವುದಿಲ್ಲ. ಭಾರತದಲ್ಲಿ ದಾನಿಗೆ ತೆರಿಗೆ ವಿನಾಯಿತಿ ಕೊಡಿಸುವ, 80ಜಿ ಎಂದೇ ಜನ ಕರೆಯುವ ಮಾನ್ಯತೆ ಸಂಸ್ಥೆಗೆ ಇದ್ದರೂ 2,000 ರೂಪಾಯಿಗೆ ಮೇಲ್ಪಟ್ಟ ನಗದು ದೇಣಿಗೆಗೆ ಆ ವಿನಾಯಿತಿ ಇಲ್ಲ. ರಸೀದಿ ಪುಸ್ತಕ ಹಿಡಿದು ಕೂರುವ ಸ್ವಯಂಸೇವಕರಿಗೆ ತಮ್ಮ ದೇಶದ ನಿಯಮ ಬಾಯಿಪಾಠ ಆಗಿರಬೇಕು.

ಇನ್ನೂ ಒಂದು ಗಂಟು. "ಗಡಿಯಾರದ ರಿಪೇರಿಗೆ" ಎಂದು ಕೇಳಿ ಪಡೆದ ಹಣವನ್ನು ಗಡಿಯಾರಕ್ಕೇ ಬಳಸಬೇಕು. ಜನ ಅಂಥ ಉದ್ದೇಶಗಳಿಗೆ ಖುಷಿಯಿಂದ ಕೊಡುತ್ತಾರೆ, ಕರೆಂಟ್ ಬಿಲ್ಲಿಗೆ ಯಾರೂ ಕೊಡುವುದಿಲ್ಲ. ಹೀಗಾಗಿ ಖಾತೆಯಲ್ಲಿ ದುಡ್ಡಿದ್ದೂ ಬಿಲ್ ಕಟ್ಟಲಾಗದ ವಿಚಿತ್ರ ಪರಿಸ್ಥಿತಿ ಬರುತ್ತದೆ. ಮನವಿ ಬರೆಯುವಾಗಲೇ "ಗಡಿಯಾರದ ರಿಪೇರಿಗೆ, ಉಳಿದರೆ ಮ್ಯೂಸಿಯಂನ ದಿನನಿತ್ಯದ ಖರ್ಚಿಗೆ" ಎಂದು ಸೇರಿಸುವುದು ಜಾಣತನ.

ಸಣ್ಣ ಮೊತ್ತ, ದೊಡ್ಡ ಪಟ್ಟಿ

ಒಂದು ಹಳೇ ಉದಾಹರಣೆ ಇಲ್ಲಿ ಸಲ್ಲುತ್ತದೆ. 1885ರಲ್ಲಿ ನ್ಯೂಯಾರ್ಕಿನ ಸ್ವಾತಂತ್ರ್ಯ ದೇವಿಯ ಪ್ರತಿಮೆಗೆ ಪೀಠ ಕಟ್ಟಲು ದುಡ್ಡು ಸಾಲದೆ ಕೆಲಸ ನಿಂತಿತ್ತು. ಜೋಸೆಫ್ ಪುಲಿಟ್ಜರ್ ತಮ್ಮ ಪತ್ರಿಕೆಯಲ್ಲಿ ಜನರನ್ನೇ ಕೇಳಿದರು. ಎಷ್ಟೇ ಸಣ್ಣ ಮೊತ್ತ ಕೊಟ್ಟರೂ ಹೆಸರು ಅಚ್ಚಾಗುತ್ತದೆ ಎಂದರು. ಸುಮಾರು 5 ತಿಂಗಳಲ್ಲಿ 1 ಲಕ್ಷ ಡಾಲರಿಗೂ ಮೀರಿ ಬಂತು. ಕೊಟ್ಟವರು ಲಕ್ಷಕ್ಕೂ ಜಾಸ್ತಿ ಜನ, ಅವರಲ್ಲಿ ಹೆಚ್ಚಿನವರು ಕೊಟ್ಟದ್ದು 1 ಡಾಲರಿಗಿಂತ ಕಡಿಮೆ.

ಆ ಪತ್ರಿಕೆಯ ಬಲ ಸಣ್ಣ ಮ್ಯೂಸಿಯಂಗೆ ಇಲ್ಲ, ನಿಜ. ಆದರೆ ಹೆಸರು ಹಾಕುವ ಉಪಾಯ ಇಂದಿಗೂ ನಡೆಯುತ್ತದೆ. ಒಂದು ಹಳೇ ನೇಗಿಲನ್ನೋ, ಒಂದು ನೋಂದಣಿ ಪುಸ್ತಕವನ್ನೋ 'ದತ್ತು' ತೆಗೆದುಕೊಳ್ಳಲು ಹೇಳುವುದು ಇದೇ ಜಾತಿಯದು. ವಸ್ತು ಮ್ಯೂಸಿಯಂನದ್ದೇ, ಅದನ್ನು ಕಾಪಾಡುವ ಖರ್ಚು ದಾನಿಯದು, ಪಕ್ಕದಲ್ಲಿ ಒಂದು ಚಿಕ್ಕ ಫಲಕ. ಇದಕ್ಕೆ ಮೈಕು ಬೇಡ, ಊಟ ಬೇಡ. 2012ರಲ್ಲಿ ನ್ಯೂಯಾರ್ಕಿನಲ್ಲಿ ಶುರುವಾದ 'ಗಿವಿಂಗ್ ಟ್ಯೂಸ್‌ಡೇ' ಕೂಡ ಸಮಾರಂಭವಿಲ್ಲದೆ ಬರೀ ಕೇಳುವುದಕ್ಕೇ ಒಂದು ದಿನ ಇಟ್ಟಿತು. ಈಗ ಅದು ಬಹಳ ದೇಶಗಳಲ್ಲಿದೆ.

ವಸ್ತುಗಳ ಕಡೆಗೂ ಒಂದು ಕಣ್ಣು

ಸಮಾರಂಭದ ಗಡಿಬಿಡಿಯಲ್ಲಿ ಮರೆತುಹೋಗುವುದು ಯಾರಿಗಾಗಿ ಇಷ್ಟೆಲ್ಲ ಮಾಡುತ್ತಿದ್ದೇವೋ ಆ ವಸ್ತುಗಳೇ. ಊಟದ ಚೂರು ನೆಲದ ಬಿರುಕಿಗೆ ಬಿದ್ದರೆ ಜಿರಳೆ, ಇಲಿ ಬರುತ್ತವೆ. ಹೂಗುಚ್ಛದ ಜೊತೆ ಬಟ್ಟೆ, ಉಣ್ಣೆ ತಿನ್ನುವ ದುಂಬಿಗಳು ಬರಬಹುದು. ಊಟ ಅಂಗಳದಲ್ಲಿ ಇರಲಿ, ಒಳಗೆ ನೀರೂ ಬೇಡ. ಮೇಣದಬತ್ತಿಯ ಬೆಳಕಿನ ಸಂಜೆ ಎಂದು ಕರೆದರೂ ನಿಜವಾದ ಬೆಂಕಿ ಬೇಡ, ಬ್ಯಾಟರಿಯ ದೀಪ ಸಾಕು.

ಬೆಳಕಿನ ಹಾನಿ ಕಣ್ಣಿಗೆ ಕಾಣದು. ಹಳೇ ಬಟ್ಟೆ, ಕಾಗದ, ಜಲವರ್ಣ ಚಿತ್ರಗಳಿಗೆ ಸುಮಾರು 50 ಲಕ್ಸ್ (ಲಕ್ಸ್ ಅಂದರೆ ಬೆಳಕಿನ ಅಳತೆ) ಸಾಕು ಎಂದು ಸಂರಕ್ಷಣೆ ಮಾಡುವವರು ಹೇಳುತ್ತಾರೆ. ಟಿವಿಯವರು ತಂದ ದೀಪ ಅದರ ಎಷ್ಟೋ ಪಟ್ಟು ಇರುತ್ತದೆ. ಬಣ್ಣ ಮಾಸಿದರೆ ಮತ್ತೆ ಬರುವುದಿಲ್ಲ. ಮುಟ್ಟಿ ನೋಡುವ ಆಸೆಗೆ ಬೇರೆ ದಾರಿ ಇದೆ. ಎರಡು ಮೂರು ಪ್ರತಿ ಇರುವ, ಸಂಗ್ರಹದ ಪಟ್ಟಿಗೆ ಸೇರದ ವಸ್ತುಗಳ ಒಂದು ಪೆಟ್ಟಿಗೆ ಇಡಿ. ಮಕ್ಕಳು ಬೀಸುವ ಕಲ್ಲು ತಿರುಗಿಸಲಿ, ಟೈಪ್‌ರೈಟರ್ ಒತ್ತಲಿ. ದಾನವಾಗಿ ಬಂದ ಉಣ್ಣೆ ಬಟ್ಟೆಯನ್ನು ಮಾತ್ರ ನೇರ ಉಗ್ರಾಣಕ್ಕೆ ಒಯ್ಯಬೇಡಿ. ಪ್ಲಾಸ್ಟಿಕ್ ಚೀಲದಲ್ಲಿ ಮುಚ್ಚಿ, ಮೈನಸ್ 30 ಡಿಗ್ರಿಯಲ್ಲಿ 3 ದಿನವೋ, ಮೈನಸ್ 18ರಲ್ಲಿ 2 ವಾರವೋ ಇಟ್ಟರೆ ಹುಳು, ಮೊಟ್ಟೆ ಎರಡೂ ಸಾಯುತ್ತವೆ.

ಮಾರನೇ ವಾರ, ಮತ್ತು ಬಿಡುವ ವರ್ಷ

ಕಾರ್ಯಕ್ರಮ ಮುಗಿದ ರಾತ್ರಿ ಎಲ್ಲರೂ ದಣಿದಿರುತ್ತಾರೆ. ಕುರ್ಚಿ ಮಡಚಿ ಮನೆಗೆ ಹೋಗುತ್ತಾರೆ. ಬರೆದುಕೊಂಡ ಹೆಸರುಗಳ ಹಾಳೆ ಯಾವುದೋ ಡ್ರಾಯರಿನಲ್ಲಿ ಉಳಿಯುತ್ತದೆ. ನನ್ನ ಪ್ರಕಾರ ವರ್ಷದ ದೊಡ್ಡ ನಷ್ಟ ಇದೇ. ಒಂದು ವಾರದೊಳಗೆ ಧನ್ಯವಾದದ ಪತ್ರ ಹೋಗಬೇಕು, ಅದರಲ್ಲಿ ಮತ್ತೆ ದುಡ್ಡು ಕೇಳಬಾರದು. ಒಂದೆರಡು ತಿಂಗಳ ಮೇಲೆ "ನೀವು ತಂದ ಫೋಟೋ ಈಗ ಗೋಡೆಯ ಮೇಲಿದೆ, ಬಂದು ನೋಡಿ" ಎಂಬ ಮಾತು ಹೋಗಬೇಕು. ಸದಸ್ಯರಾಗಿ ಎಂದು ಕೇಳುವುದು ಆಮೇಲೆ. ಈ ಕೆಲಸಕ್ಕೆ ಒಬ್ಬರನ್ನು ಮೊದಲೇ ಗೊತ್ತುಮಾಡಿ, ಕಾರ್ಯಕ್ರಮದ ದಿನ ಅವರಿಗೆ ಬೇರೆ ಯಾವ ಕೆಲಸವನ್ನೂ ಕೊಡಬಾರದು. ಇಲ್ಲದಿದ್ದರೆ ಅವರೂ ಕುರ್ಚಿ ಮಡಚುತ್ತಾ ಇರುತ್ತಾರೆ.

ಕೊನೆಗೆ, ಯಾರೂ ಎತ್ತಲು ಇಷ್ಟಪಡದ ವಿಷಯ. ವಾರ್ಷಿಕ ಎಂಬ ಹಣೆಪಟ್ಟಿ ಬಿದ್ದ ಕಾರ್ಯಕ್ರಮವನ್ನು ನಿಲ್ಲಿಸಲು ಯಾರಿಗೂ ಧೈರ್ಯ ಬರುವುದಿಲ್ಲ. "ಇಪ್ಪತ್ತು ವರ್ಷದಿಂದ ನಡೆದುಬಂದಿದೆ" ಎಂಬ ಒಂದೇ ಕಾರಣಕ್ಕೆ ಅದು ನಡೆಯುತ್ತಲೇ ಇರುತ್ತದೆ. ಬರುವವರೂ ಅವರೇ, ಕೆಲಸ ಮಾಡುವವರೂ ಅವರೇ, ಟಿಕೆಟ್ ಕೊಳ್ಳುವವರೂ ಅವರೇ. ಮೂರು ವರ್ಷದ ಲೆಕ್ಕ ಪಕ್ಕಪಕ್ಕ ಇಟ್ಟು ನೋಡಿ. ಖರ್ಚು ಕಳೆದು ಉಳಿದದ್ದು ಇಳಿಯುತ್ತಿದೆ, ಹೊಸ ಹೆಸರುಗಳೂ ಬರುತ್ತಿಲ್ಲ ಎಂದಾದರೆ ಅದು ಜನವನ್ನೂ ಕೂಡಿಸುತ್ತಿಲ್ಲ, ದುಡ್ಡನ್ನೂ ಕೂಡಿಸುತ್ತಿಲ್ಲ. ಒಂದು ವರ್ಷ ಬಿಟ್ಟು ನೋಡಬಹುದು. ಆ ವರ್ಷ ಸದಸ್ಯರಿಗೆ ನೇರವಾಗಿ ಒಂದು ಪತ್ರ ಬರೆಯಬಹುದು: ಈ ಸಲ ಔತಣ ಇಲ್ಲ, ಟಿಕೆಟ್ಟಿಗೆ ಕೊಡುತ್ತಿದ್ದುದನ್ನು ಹಾಗೇ ಕಳಿಸಿಕೊಡಿ, ಮನೆಯಲ್ಲೇ ಆರಾಮಾಗಿ ಕುಳಿತಿರಿ. ಅರ್ಧದಷ್ಟು ಜನ ಕಳಿಸಿದರೂ ಮ್ಯೂಸಿಯಂಗೆ ಉಳಿಯುವುದು ಹೆಚ್ಚುಕಡಿಮೆ ಅಷ್ಟೇ. ಸ್ವಯಂಸೇವಕರಿಗೆ ಸಿಕ್ಕ ಆ ಬಿಡುವಿನಲ್ಲಿ ಉಗ್ರಾಣದ ಪಟ್ಟಿಯನ್ನಾದರೂ ಮುಗಿಸಬಹುದು.